ಗುಬ್ಬಿ ಎತ್ತಿದ ಭಾರ

ಒದ್ದೆ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಹಿಂಡಿದ ನೀರು ಬಚ್ಚಲಿಗೆ ಸುರಿಯುತ್ತಿತ್ತು. ಮಗಳು ಇನ್ನೊಂದು ಸುತ್ತು ತಿರುವಿದ ಬಿರುಸಿಗೆ ತಾಯಿಯ ಕೈಯಿಂದ ಹೊದಿಕೆ ಜಾರಿಯೇ ಹೋಯಿತು.

"ಮೆಲ್ಲಗೆ ಕಣೇ. ಹಿಂಡೋಕೆ ಕೊಟ್ಟಿದ್ದು, ಹರಿಯೋಕಲ್ಲ."

ಮಗಳು ನಕ್ಕಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಪ್ಪ ಅವಳನ್ನು ಗುಬ್ಬಿ ಎಂದು ಕರೆದಿದ್ದ. ಈಗ ಪ್ರೌಢಶಾಲೆಗೆ ಹೋಗುವ ಹುಡುಗಿಯಾದರೂ ಬೀದಿಗೆಲ್ಲ ಅವಳು ಗುಬ್ಬಿಯೇ. ಹೊದಿಕೆ ಎತ್ತಿಕೊಡಲು ಅವಳು ಬಗ್ಗಿದಾಗ ಅಂಗಿಯ ಕೊರಳು ಸರಿದು, ಕುತ್ತಿಗೆಯ ಬುಡದ ಎಲುಬಿನ ಮೇಲೆ ನೀಲಿಗಟ್ಟಿದ ಗೆರೆಯೊಂದು ಕಂಡಿತು. ತಾಯಿ ಆ ಕೊರಳನ್ನು ಇನ್ನಷ್ಟು ಸರಿಸಿ ನೋಡಿದಳು.

ಇದೇನೇ ಎಂದು ಕೇಳಿದಳು. ಭಾರ ಎತ್ತುವಾಗ ಕಂಬಿ ತಾಗಿದ್ದು, ಹೊಸದರಲ್ಲಿ ಎಲ್ಲರಿಗೂ ಆಗುತ್ತದೆ, ಟೀಚರಿಗೆ ತೋರಿಸಿದ್ದೇನೆ ಎಂದಳು ಮಗಳು. ಶಾಲೆಯ ಹಿಂದಿನ ಹಳೇ ಗೋದಾಮಿನಲ್ಲಿ ಭಾರ ಎತ್ತುವ ಆಟವನ್ನು ಕಲಿಸುವ ಟೀಚರ್ ಒಬ್ಬರಿದ್ದರು. ಆಮೇಲೆ ಮಗಳು ಮೆಲ್ಲಗೆ ಕೇಳಿದಳು:

"ಅಮ್ಮಾ, ಕ್ರೀಡಾಶಾಲೆಯಿಂದ ಉತ್ತರ ಬಂತಾ?"

"ಬರುತ್ತೆ ಬಿಡು. ಅಂಚೆ ಏನು ನಿನ್ನ ಹಾಗೆ ಓಡ್ಕೊಂಡು ಬರುತ್ತಾ?"

ಉತ್ತರ ಬರಬೇಕಾದರೆ ಕಾಗದ ಹೋಗಿರಬೇಕಲ್ಲ! ಗುಬ್ಬಿಯನ್ನು ಕ್ರೀಡಾಶಾಲೆಗೆ ಕಳಿಸಲು ಒಪ್ಪಿಗೆ ಇದೆಯೆಂದು ಅವಳ ಅಪ್ಪ ಎಂದೋ ಸಹಿ ಹಾಕಿ ಕೊಟ್ಟಿದ್ದ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತೇನೆಂದು ತಾಯಿಯೇ ಅದನ್ನು ಇಸಿದುಕೊಂಡಿದ್ದಳು. ಅದೀಗ ಪೆಟ್ಟಿಗೆಯ ತಳದಲ್ಲಿ, ಚಳಿಗಾಲದ ಕಂಬಳಿಯ ಅಡಿಯಲ್ಲಿತ್ತು. ಮಳೆಗಾಲ ಮುಗಿದರೂ ಅವಳ ಕೈ ಅದರ ಹತ್ತಿರ ಹೋಗಿರಲಿಲ್ಲ. ಈ ತಿಂಗಳು ಕಳೆದರೆ ಅಲ್ಲಿ ಜಾಗ ಇಲ್ಲವೆಂದು ಟೀಚರ್ ಹೇಳಿ ಕಳಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಕಳೆಯಲಿ ಎಂದೇ ಕಾಯುತ್ತಿದ್ದಳು.

ಅವಳ ಭಯಕ್ಕೆ ಕಾರಣವಿತ್ತು. ಗುಬ್ಬಿಯ ಅಪ್ಪ ಕಲ್ಲಿನ ಹಲಗೆ ಮಾರುವ ಅಂಗಡಿಯಲ್ಲಿ ಹಮಾಲಿಯಾಗಿದ್ದವನು. ಒಮ್ಮೆ ಮೆಟ್ಟಿಲ ಮೇಲೆ ಕಾಲು ಜಾರಿದಾಗ, ಒಡೆದರೆ ಕೂಲಿಯಲ್ಲಿ ಹಿಡಿದುಕೊಳ್ಳುತ್ತಾರೆಂದು ಹಲಗೆಯನ್ನು ಬಿಡದೆ ತಬ್ಬಿಕೊಂಡೇ ಉರುಳಿದ. ಹಲಗೆಗೆ ಒಂದು ಗೀರೂ ಬೀಳಲಿಲ್ಲ. ಇವನ ಬೆನ್ನೆಲುಬು ಬಿರುಕುಬಿಟ್ಟಿತು. ಈಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಿಟಕಿಯ ಹತ್ತಿರ ಕೂತು ಕೆಟ್ಟ ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಾನೆ. ಭಾರ ಎಂಬ ಮಾತು ಕಿವಿಗೆ ಬಿದ್ದರೆ ತಾಯಿಗೆ ಕಾಣುವುದು ಆ ಮೆಟ್ಟಿಲೇ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೂ ಅವಳು ಕೈಯ ಕೆಲಸ ಬಿಟ್ಟು ಹೊರಗೆ ಓಡುತ್ತಿದ್ದಳು.

ಹೊದಿಕೆ ಒಣಹಾಕಿ, ಮಗಳನ್ನು ಕರೆದುಕೊಂಡು ನೇರ ಪಕ್ಕದ ಬೀದಿಯ ಆರೋಗ್ಯ ಕೇಂದ್ರಕ್ಕೆ ನಡೆದಳು. ಅಲ್ಲಿಯ ದಾದಿ ಬೀದಿಯವರಿಗೆಲ್ಲ ನರ್ಸಕ್ಕ. ಗುಬ್ಬಿಯನ್ನು ಹೊರಗೆ ಕೂರಿಸಿ ತಾಯಿ ಒಳಗೆ ಹೋದಳು.

"ಇವಳ ಮೈಗೆ ಆಗಲ್ಲ ಅಂತ ಒಂದು ಚೀಟಿ ಬರ್ಕೊಡಿ ನರ್ಸಕ್ಕ. ರಕ್ತ ಕಮ್ಮಿ ಅಂತಾನೋ, ಏನೋ ಒಂದು."

"ಅವಳ ರಕ್ತ ನೋಡಿದ್ದು ನಾನೇ. ಕಮ್ಮಿ ಇರೋದು ನಿಂದು. ನಿಂಗೆ ಬರ್ಕೊಡ್ಲಾ?"

ತಾಯಿಗೆ ನಗು ಬರಲಿಲ್ಲ. ಅದನ್ನು ಕಂಡು ನರ್ಸಕ್ಕ ಕುರ್ಚಿ ಎಳೆದು ಕೂರಿಸಿದರು. ಆಗ ಒಂದೊಂದೇ ಹೊರಬಂತು. ಹುಡುಗಿ ಕುಳ್ಳಗೇ ಉಳಿದುಬಿಡುತ್ತಾಳಂತೆ, ಮುಂದೆ ಹೆರಿಗೆಗೆ ಕಷ್ಟವಂತೆ, ಬೆನ್ನು ಹೋಗುತ್ತದಂತೆ.

ನರ್ಸಕ್ಕ ಯಾವ ಮಾತನ್ನೂ ಹಗುರಾಗಿ ತೆಗೆದುಕೊಳ್ಳಲಿಲ್ಲ. ಕಲಿತವರ ಕಣ್ಣೆದುರು, ವಯಸ್ಸಿಗೆ ತಕ್ಕ ಭಾರ ಎತ್ತಿದರೆ ಬೆಳವಣಿಗೆ ನಿಲ್ಲುವುದಿಲ್ಲ, ಹೆರಿಗೆಗೂ ಅದರಿಂದ ತೊಂದರೆಯಿಲ್ಲ, ಎಲುಬು ಗಟ್ಟಿಯಾಗುತ್ತದೆ ಎಂದರು. ಪೆಟ್ಟು ಬೀಳುವುದೇ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಬೇಕು. ನೋವು ಹೋಗದಿದ್ದರೆ, ಮುಟ್ಟು ತಪ್ಪಿದರೆ ಮುಚ್ಚಿಡದೆ ಬಂದು ಹೇಳಬೇಕು. ಇಷ್ಟು ಹೇಳಿ ಅವರೊಂದು ಮಾತು ಕೇಳಿದರು.

"ಅವಳಪ್ಪ ಬಿದ್ದಾಗ ಈ ಹುಡುಗಿ ಹೇಗಿದ್ಲು, ನೆನಪಿದ್ಯಾ?"

ನೆನಪಿರದೆ ಏನು! ಗೋಡೆಗೆ ಮುಖ ಮಾಡಿ ಮಲಗಿದವಳು ಶಾಲೆಯೂ ಬೇಡ, ಊಟವೂ ಬೇಡ ಎಂದಿದ್ದಳು. ಶಾಲೆಯ ಹಿಂದಿನ ಗೋದಾಮಿಗೆ ಹೋಗತೊಡಗಿದ ಮೇಲೆ ತಾನೇ ಏಳುತ್ತಾಳೆ, ಲೆಕ್ಕ ಮಾಡುತ್ತಾಳೆ, ಅಪ್ಪನ ಸೊಂಟದ ಪಟ್ಟಿ ಬಿಗಿಯುತ್ತಾ ತಮಾಷೆ ಮಾಡುತ್ತಾಳೆ. "ಅಲ್ಲಿ ನಿಂತ್ರೆ ನಂಗೆ ಭಯ ಆಗಲ್ಲಮ್ಮ" ಎಂದು ಒಮ್ಮೆ ಹೇಳಿದ್ದಳು. ಆ ಮನೆಯಲ್ಲಿ ಭಯವಿಲ್ಲದವಳು ಅವಳೊಬ್ಬಳೇ.

"ಭಯಾನ ಮನೇಲಿ ಇಟ್ಕೊಂಡು ಸಾಕಿದ್ರೆ ದಪ್ಪ ಆಗುತ್ತೆ ಅಷ್ಟೇ. ನಡಿ, ಅವಳು ಎತ್ತೋದನ್ನ ಹೋಗಿ ನೋಡೋಣ," ಎಂದು ನರ್ಸಕ್ಕ ಚಪ್ಪಲಿ ಮೆಟ್ಟಿ, ಗುಬ್ಬಿಯನ್ನೂ ಕರೆದುಕೊಂಡು ಹೊರಟರು.

ಗೋದಾಮಿನ ಬಾಗಿಲಲ್ಲೇ ತಾಯಿಯ ಕಾಲು ನಿಂತಿತು. ಒಳಗೆ ಮರದ ಹಲಗೆ ಹಾಸಿದ ಅಂಕಣ, ಅದರ ಮೇಲೆ ಉದ್ದನೆಯ ಕಬ್ಬಿಣದ ಕಂಬಿ, ಎರಡೂ ತುದಿಗೆ ರಬ್ಬರಿನ ದಪ್ಪ ಚಕ್ರಗಳು. ಗುಬ್ಬಿ ಅಂಗೈಗೆ ಬಿಳಿ ಪುಡಿ ಉಜ್ಜಿಕೊಂಡು ಕಂಬಿಯ ಮುಂದೆ ನಿಂತಳು. ಎತ್ತಿದಳು. ಕಂಬಿ ಹೆಗಲಿಗೆ ಬಂತು, ಕುತ್ತಿಗೆಯ ಬುಡದ ಆ ನೀಲಿ ಗೆರೆಯ ಮೇಲೇ ಕೂತಿತು. ಅಲ್ಲಿಂದ ತಲೆಯ ಮೇಲಕ್ಕೆ ನೂಕಿದಳು. ತೋಳು ನಡುಗಿತು. ಕಂಬಿ ಮುಂದಕ್ಕೆ ವಾಲಿತು.

ತಾಯಿಯ ಕಣ್ಣಿಗೆ ಮೆಟ್ಟಿಲು ಕಂಡಿತು.

ಗುಬ್ಬಿ ಕೈಬಿಟ್ಟು ಹಿಂದಕ್ಕೆ ಸರಿದಳು. ಭಾರ ದಡಾರನೆ ಬಿತ್ತು, ನೆಲ ಅದುರಿತು. ತಾಯಿ ಬೀಳುತ್ತಿದ್ದುದನ್ನು ಹಿಡಿಯಲೆಂದು ಎರಡೂ ಕೈ ಚಾಚಿ ನುಗ್ಗಿಯಾಗಿತ್ತು. ಟೀಚರ್ ಅಡ್ಡ ಬಂದು ತೋಳು ಹಿಡಿದು ನಿಲ್ಲಿಸಿದರು. ತಾಯಿಯ ಬಾಯಲ್ಲಿ ಮೊದಲು ಬಂದ ಮಾತು, "ಒಡೀತಾ? ದುಡ್ಡು ನಾನು ಕಟ್ಟಿಕೊಡ್ತೀನಿ," ಎಂದು.

"ಏನೂ ಒಡೀಲಿಲ್ಲಮ್ಮ. ಬೀಳ್ಸೋಕೇ ಅಂತ ರಬ್ಬರ್ ಹಾಕಿರೋದು," ಎಂದರು ಟೀಚರ್. "ನಮ್ಮಲ್ಲಿ ಮೊದಲ ಪಾಠವೇ ಬಿಡೋದು. ಖಾಲಿ ಕೋಲು ಹಿಡ್ಕೊಂಡು ಅದನ್ನ ಕಲಿತ ಮೇಲೇನೇ ಕಬ್ಬಿಣ ಮುಟ್ಟಿಸೋದು."

ಗುಬ್ಬಿ ನಗುತ್ತಿದ್ದಳು. ಎತ್ತಲಾಗದ ಭಾರ ಕಾಲ ಮುಂದೆ ಬಿದ್ದಿದೆ, ಇವಳು ಮುಖದ ತುಂಬ ನಗುತ್ತಾ ಮತ್ತೆ ಪುಡಿಗೆ ಕೈಹಾಕುತ್ತಿದ್ದಾಳೆ. ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಒದ್ದೆ ಗಂಟು ಹೊತ್ತು ತಾಯಿಗೆ ತಲೆ ನರೆಯುತ್ತಾ ಬಂದಿತ್ತು. ಭಾರದ ಮುಂದೆ ನಿಂತು ನಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ತೆರೆದು ಕಾಗದವನ್ನು ಗಂಡನ ಮುಂದಿಟ್ಟಳು. ಕಳಿಸಿರಲಿಲ್ಲವೆಂದು ಮಗಳೆದುರೇ ಒಪ್ಪಿಕೊಂಡಳು. ಗೋದಾಮಿನಲ್ಲಿ ಕಂಡದ್ದನ್ನೂ ಟೀಚರ್ ಹೇಳಿದ್ದನ್ನೂ ಹೇಳಿದಳು. ಅವನು ಬೈಯಲಿಲ್ಲ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಕಾಗದವನ್ನು ಅವಳ ಕೈಗೇ ಮರಳಿಸಿದ.

"ನಂಗೆ ಯಾರೂ ಬಿಡು ಅಂತ ಹೇಳ್ಕೊಡ್ಲಿಲ್ಲ ಕಣೇ," ಎಂದ. "ಅವಳಿಗೆ ಹೇಳ್ಕೊಡ್ತಿದಾರೆ. ಕಳಿಸು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ತಾಯಿಯ ಭಯ ಅಂದೇ ಹೋಯಿತೆಂದು ನಾನು ಹೇಳಲಾರೆ. ನಿಮ್ಮದೂ ಹೋಗಲಿಕ್ಕಿಲ್ಲ. ಆದರೂ ನಿಮ್ಮ ಮಗುವಿಗೆ ಒಂದು ಆಟದಲ್ಲಿ ಜೀವ ಇದ್ದರೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ. ಕಲಿಸುವವರು ಕಲಿತವರೇ ಎಂದು ವಿಚಾರಿಸಿ. ಹೆಣ್ಣು ಗಂಡೆನ್ನದೆ ತಟ್ಟೆ ತುಂಬ ಬಡಿಸಿ. ನೋವು ಅಂದರೆ ಗದರಬೇಡಿ, ಕೇಳಿ. ನಿಮ್ಮ ಪೆಟ್ಟಿಗೆಯ ತಳದಲ್ಲೂ ಇಂಥದೊಂದು ಕಾಗದ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಬೀದಿಯ ತಿರುವಿನಲ್ಲಿ ಕೆಂಪು ಡಬ್ಬಿ. ತಾಯಿ ಅದರ ಬಾಯಿಗೆ ಕಾಗದ ತೂರಿಸಿದಳು, ಆದರೆ ತುದಿ ಹಿಡಿದ ಬೆರಳು ಸಡಿಲವಾಗಲಿಲ್ಲ. ಗುಬ್ಬಿ ಅಮ್ಮನ ಮುಂಗೈಯ ಮೇಲೆ ತನ್ನ ಒರಟು ಅಂಗೈ ಇಟ್ಟಳು.

"ಬಿಡಮ್ಮ."

ತಾಯಿ ಬಿಟ್ಟಳು. ಡಬ್ಬಿಯ ತಳದಲ್ಲಿ ಕಾಗದ ಬಿದ್ದ ಸಣ್ಣ ಸದ್ದಾಯಿತು.