ಆರಿಸದೆ ಉಳಿದವಳು

ನೆಲೋಗಿಯ ಗುರಣ್ಣ ಜೇವರ್ಗಿಯ ಕಾಲೇಜಿಗೆ ಬಂದದ್ದು ಮಗಳ ವಿಷಯ ಬದಲಿಸಲು. ಜಯಮಾಲಾ ಬಿ.ಎ. ಮೊದಲ ವರ್ಷಕ್ಕೆ ಕನ್ನಡದ ಜೊತೆ ತತ್ವಶಾಸ್ತ್ರ ತೆಗೆದುಕೊಂಡಿದ್ದಳು. ಯಾವ ಹೈಸ್ಕೂಲಿನಲ್ಲೂ ಆ ಪೀರಿಯಡ್ ಇಲ್ಲ. ಮಗಳು ಟೀಚರಾಗಬೇಕು, ಇಲ್ಲದ ಪೀರಿಯಡ್ಡಿಗೆ ಟೀಚರನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದು ಅವನ ವಾದ. ಬದಲಿಸಲು ಅಂದೇ ಕೊನೆಯ ದಿನ. ಅರ್ಜಿಗೆ ಅವನ ಸಹಿ ಬಿದ್ದಿತ್ತು, ಮಗಳೂ ಮುಖ ಸಣ್ಣದು ಮಾಡಿಕೊಂಡು ಸಹಿ ಹಾಕಿದ್ದಳು. ಉಳಿದದ್ದು ತತ್ವಶಾಸ್ತ್ರ ಕಲಿಸುವ ಸುಲಭಾ ಮೇಡಂ ಸಹಿ ಒಂದೇ.

ಮೇಡಂ ಪಾಠಕ್ಕೆ ಹೊರಟಿದ್ದರು. ಮುಗಿಯುವ ತನಕ ಒಳಗೇ ಕುಳಿತಿರಿ ಎಂದರು. ಜಯಮಾಲಾಳೂ ಸೇರಿ ಏಳು ಮಕ್ಕಳ ಕ್ಲಾಸು. ಗುರಣ್ಣ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತ.

ಅಂದಿನ ಪಾಠ ನ್ಯಾಯದ ಮೇಲೆ. ಹಂಚುವವನು ತನ್ನ ಕಡೆಗೇ ಎಳೆದುಕೊಳ್ಳುತ್ತಾನೆ. ಅವನು ಒಳ್ಳೆಯವನಾಗಲಿ ಎಂದು ಕಾಯದೆ ಅವನ ಕೈಯಿಂದಲೇ ಸರಿಯಾಗಿ ಹಂಚಿಸುವುದು ಹೇಗೆ ಎಂದು ಮೇಡಂ ಕೇಳಿದರು. ಒಬ್ಬಳು ತಹಸೀಲ್ದಾರರನ್ನು ಕರೆಸಬೇಕೆಂದಳು. ಇನ್ನೊಬ್ಬ ದೇವರ ಮುಂದೆ ಆಣೆ ಮಾಡಿಸಬೇಕೆಂದ. ಮೂವತ್ತು ವರ್ಷ ಪಂಚನಾಗಿ ಎಷ್ಟೋ ಮನೆಗಳ ಪಾಲು ಮಾಡಿಸಿದ ಗುರಣ್ಣನಿಗೆ ಸುಮ್ಮನಿರಲು ಆಗಲಿಲ್ಲ.

"ಹಿರಿಯಾ ಪಾಲು ಮಾಡಬೇಕ್ರಿ, ಕಿರಿಯಾ ಮೊದಲ ಆರಿಸಬೇಕು. ತನಗ ಯಾವುದು ಉಳೀತದಂತ ಹಿರಿಯಾಗ ಗೊತ್ತಿಲ್ಲ. ಅದಕ್ಕ ಕೈ ತಾನ ಸಮ ಬೀಳ್ತದ."

ಈ ತಿಂಗಳಿಡೀ ನಾವು ಓದಬೇಕಾದದ್ದನ್ನು ಇವರು ಎರಡು ಮಾತಿನಲ್ಲಿ ಹೇಳಿದರು ಎನ್ನುತ್ತ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದರು. ಮಕ್ಕಳೆಲ್ಲ ಹಿಂತಿರುಗಿ ನೋಡಿದರು. ಗುರಣ್ಣ ಮೀಸೆ ಸವರಿಕೊಂಡ.

ಆಗ ಜಯಮಾಲಾ ಎದ್ದು ನಿಂತಳು. "ಅಪ್ಪಾ, ಅಕ್ಕ ತಂಗೇರು ಎಷ್ಟನೇ ಪಾಳಿಗಿ ಆರಿಸ್ತಾರ?"

ಯಾರೋ ಕಿಸಕ್ಕನೆ ನಕ್ಕರು. ಗುರಣ್ಣನ ಬಾಯಲ್ಲಿ ಉತ್ತರ ತಯಾರಿತ್ತು: ಅವರು ಕೊಟ್ಟ ಮನೆಯವರು, ಬರುತ್ತಾರೆ, ಕೊಟ್ಟ ಸೀರೆ ಉಟ್ಟು, ಪಾಲು ಬೇಡವೆಂದು ಸಹಿ ಹಾಕಿ ಹೋಗುತ್ತಾರೆ. ಪಾಲು ಮಾಡಿಸಿದ ಮನೆಗಳಲ್ಲೆಲ್ಲ ಅದನ್ನೇ ಹೇಳಿದ್ದ. ತನ್ನ ಮನೆಯ ಪಾಲಿನಲ್ಲೂ ತಂಗಿ ಗೌರಾಬಾಯಿ ಮಣ್ಣೂರಿನಿಂದ ಬಂದು, ಹೋಳಿಗೆ ಉಂಡು, ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದಳು. ಏನು ಬರೆದಿದೆ ಎಂದೂ ಕೇಳಿರಲಿಲ್ಲ. ಬೋರ್ಡಿನ ಮೇಲಿದ್ದದ್ದು ಅವನದೇ ಮಾತು. ಆರಿಸುವವರು ಎದುರಿಗಿಲ್ಲದ ಕಡೆ ಅವನ ಕೈ ಸಮ ಬಿದ್ದಿರಲಿಲ್ಲ.

"ಅವರನ್ನ ಆರಿಸಾಕ ನಾವು ಕರದೇ ಇಲ್ಲವ್ವ," ಎಂದ.

ಪಾಠ ಮುಗಿದ ಮೇಲೆ ಮೇಡಂ ಪೆನ್ನು ತೆಗೆದು ಅರ್ಜಿಗೆ ಕೈ ಚಾಚಿದರು. ಕನ್ನಡದ ಮೇಲೆ ಬಿ.ಎಡ್. ಆಗುತ್ತದೆಯೇ ಎಂದು ಗುರಣ್ಣ ವಿಚಾರಿಸಿದ. ಆಗುತ್ತದೆ ಎಂದರು. ಅವನು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ಹಂಗಾರ ಇದೂ ಇರ್ಲಿ ಬಿಡ್ರಿ. ಹಿಂಗ ಕೇಳಾಕಿ ಒಬ್ಬಾಕಿ ನಮ್ಮ ಪಂಚರೊಳಗ ಮೊದಲೇ ಇರಬೇಕಿತ್ತು."

ಬಸ್ ಸ್ಟ್ಯಾಂಡಿನಲ್ಲಿ ನೆಲೋಗಿಯ ಬಸ್ಸು ನಿಂತಿತ್ತು. ಜಯಮಾಲಾ ಹತ್ತಿ ಅಪ್ಪನಿಗೂ ಸೀಟು ಹಿಡಿದಳು. ಅವನು ಹತ್ತಲಿಲ್ಲ. ಆಚೆ ನಿಂತಿದ್ದ ಅಫಜಲಪುರದ ಬಸ್ಸಿನ ಕಡೆ ನಡೆದ. ಅವ್ವನಿಗೆ ಏನು ಹೇಳಲಿ ಎಂದು ಅವಳು ಕಿಟಕಿಯಿಂದ ಕೇಳಿದಳು.

"ಮಣ್ಣೂರಿಗಿ ಹೋಗ್ಯಾನಂತ ಹೇಳು. ನಿಮ್ಮತ್ತಿ ಇನ್ನೂ ಆರಿಸಿಲ್ಲ."