ತುಟಿಯ ಹಿಂದೆ ಬಂದ ಮಾತು

ಅಕ್ಕ ಊಟದ ಮೇಜಿಗೆ ಬರುವುದನ್ನು ಬಿಟ್ಟು ವರ್ಷವಾಗುತ್ತಾ ಬಂದಿತ್ತು. ತಟ್ಟೆ ಹಿಡಿದು ತನ್ನ ಕೋಣೆ ಸೇರಿಬಿಡುತ್ತಿದ್ದಳು. ಮನೆಯಲ್ಲಿ ಇದ್ದವರೇ ಇಬ್ಬರು. ತಂಗಿ ಗೋಡೆ ನೋಡುತ್ತ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಳು.

ಕಿವಿ ಮಂದವಾದವರ ಕಿವಿಯಂತ್ರಗಳಿಗೆ 'ಸಿ' ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ತಂಗಿಯ ಕೆಲಸ. ಅಕ್ಕನ ಕಿವಿಯಲ್ಲಿದ್ದದ್ದೂ ಅವಳೇ ಕೂತು ಮಾಡಿದ್ದು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: "ನನ್ನ ಮೇಲೆ ಮುನಿಸಾ ಅಕ್ಕ?"

"ಮುನಿಸೇನಿಲ್ಲ ಕಣೇ. ನಿನ್ನ ತುಟಿ ಮುಂದೆ ಹೋಗುತ್ತೆ, ಮಾತು ಹಿಂದಿನಿಂದ ಬರುತ್ತೆ. ನೋಡ್ತಾ ಕೂತ್ರೆ ತಲೆ ಸುತ್ತುತ್ತೆ."

ತಂಗಿಗೆ ಕಾರಣ ಗೊತ್ತಾಯಿತು. ಅಕ್ಕನಿಗೆ ಅಚ್ಚುಕಟ್ಟಾದ ದನಿ ಸಿಗಲಿ ಎಂಬ ಆಸೆಗೆ ದನಿಯ ಪ್ರತಿ ತುಣುಕನ್ನೂ ದಶಾಂಶ ಸಂಖ್ಯೆ ಹಿಡಿಯುವ ಎಂಟು ಬೈಟಿನ 'ಡಬಲ್' ಎಂಬ ಜಾಗದಲ್ಲಿ ಇಟ್ಟವಳು ಅವಳೇ. ಯಂತ್ರದೊಳಗೆ ಉಗುರಿನಷ್ಟಿದ್ದ ಚಿಪ್‌ಗೆ ದಶಾಂಶದ ಗುಣಾಕಾರ ನೇರವಾಗಿ ಬರುತ್ತಿರಲಿಲ್ಲ. ಸುತ್ತುಬಳಸಿ ಲೆಕ್ಕ ಮುಗಿಸುವಷ್ಟರಲ್ಲಿ ಮಾತು ಹಳಸಿರುತ್ತಿತ್ತು. ಅಷ್ಟು ನಿಖರತೆ ಕಿವಿಗೆ ಗೊತ್ತೂ ಆಗುವುದಿಲ್ಲ.

ಮರುದಿನ ಯಂತ್ರವನ್ನು ಕಚೇರಿಗೆ ಒಯ್ದು ಡಬಲ್‌ಗಳನ್ನೆಲ್ಲ ಅಳಿಸಿ ಎರಡು ಬೈಟಿನ 'ಶಾರ್ಟ್' ಹಾಕಿದಳು. ದಶಾಂಶ ಹೋಗಿ ಪೂರ್ಣಾಂಕಗಳಷ್ಟೇ ಉಳಿದವು. ಚಿಪ್ ಹಗುರಾಗಿ ಓಡಿತು. ಹಿಗ್ಗಿ ಮನೆಗೆ ತಂದು ಅಕ್ಕನ ಕಿವಿಗಿಟ್ಟಳು. ಅಷ್ಟರಲ್ಲಿ ಚಮಚ ನೆಲಕ್ಕೆ ಬಿತ್ತು. ಅಕ್ಕ ಕಿರುಚಿ ಯಂತ್ರ ಕಿತ್ತೆಸೆದಳು.

"ಕಿವಿಯೊಳಗೆ ತಗಡು ಹರಿದ ಹಾಗಾಯ್ತು! ಬೇಡ ಕಣೇ, ನನ್ನ ಪಾಡಿಗೆ ನನ್ನ ಬಿಡು."

ಅಕ್ಕನ ಕೋಣೆಯ ಬಾಗಿಲು ಹಾಕಿಕೊಂಡಿತು. ತಂಗಿ ಆ ಹೊತ್ತು ಉಣ್ಣಲಿಲ್ಲ. ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ಕೂತವಳಿಗೆ ತಪ್ಪು ಹೊಳೆಯಿತು. ಒಂದೊಂದು ತುಣುಕು ಎರಡು ಬೈಟಿನಲ್ಲಿ ಹಿಡಿಸುತ್ತದೆ, ಆದರೆ ಅವುಗಳನ್ನು ಗುಣಿಸಿ ಕೂಡಿದ ಮೊತ್ತ ಹಿಡಿಸುವುದಿಲ್ಲ. ಸದ್ದು ಜೋರಾದರೆ ಮೊತ್ತ ಮಿತಿ ಮೀರಿ, ಮಗುಚಿ, ಋಣಸಂಖ್ಯೆಯಾಗುತ್ತದೆ; ಕಿವಿಗೆ ಅದು ಕರ್ಕಶ ಸದ್ದು. ಮೊತ್ತಕ್ಕೆ ಮಾತ್ರ ನಾಲ್ಕು ಬೈಟಿನ 'ಲಾಂಗ್' ಕೊಟ್ಟಳು. ಉಳಿದದ್ದು ಹಾಗೇ ಇರಲಿ ಎಂದು ಬಿಟ್ಟಳು.

"ಇನ್ನೊಂದೇ ಸಲ ಅಕ್ಕ. ಹಿಂಸೆ ಆದ್ರೆ ಕಿಟಕಿಯಾಚೆ ಎಸೆದುಬಿಡು."

ಅಕ್ಕ ಒಲ್ಲದ ಮನಸ್ಸಿನಿಂದ ಎದುರು ಕೂತಳು. ತಂಗಿ ತಟ್ಟೆಯನ್ನು ಬೇಕೆಂದೇ ಕುಕ್ಕಿದಳು. ಅಕ್ಕ ಬೆಚ್ಚಲಿಲ್ಲ.

"ಹೂಂ, ಮಾತಾಡು."

ವರ್ಷದಿಂದ ತಂಗಿಯ ಒಳಗೇ ಉಳಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಉಪ್ಪು ಸರಿಯಾಗಿದೆಯಾ?" ಎಂದಳು.

"ಸರಿಯಾಗಿದೆ. ನೀನು ಅಂದಾಗಲೇ ಕೇಳಿಸ್ತು."

ಮತ್ತೆ ಇಬ್ಬರೂ ತಲೆ ತಗ್ಗಿಸಿ ಉಂಡರು. ಅಕ್ಕ ತಟ್ಟೆ ತೊಳೆದಿಟ್ಟು, ಕೋಣೆಯ ಬಾಗಿಲಲ್ಲಿ ತಿರುಗಿ ನಿಂತಳು.

"ನಾಳೆಯೂ ಇಲ್ಲೇ ಉಣ್ಣೋಣ. ಮಾತಾಡೋಕೆ ಏನಾದ್ರೂ ಯೋಚನೆ ಮಾಡಿಟ್ಟಿರು."

ತಂಗಿ ತುಂಬ ಹೊತ್ತು ಅಲ್ಲೇ ಕೂತು ಯೋಚಿಸಿದಳು. ಕೆಲಸದ ಸುದ್ದಿ ಬಿಟ್ಟು ಬೇರೇನೂ ಹೊಳೆಯಲಿಲ್ಲ.