ನಡುವಿನವಳು

೧೯೮೪ರಲ್ಲಿ ಸುರತ್ಕಲ್ಲಿನ ಒಂದು ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಏಸಿ ಮೆಕ್ಯಾನಿಕ್. ಅಲ್ಲಿನ ಚಳಿಗೆ ಒಮ್ಮೆ ನನ್ನ ನೆರಳು ಗೋಡೆಗೆ ಅಂಟಿಕೊಂಡು, ಬಿಸಿನೀರು ಹಾಕಿ ಬಿಡಿಸಬೇಕಾಯಿತು. ಬಿಸಿನೀರನ್ನೂ ಮನೆಯಿಂದಲೇ ತಂದೆ.

ಆ ಯಂತ್ರಕ್ಕೆ ಕರ್ನೆಲ್, ಅಂದರೆ ಉಳಿದ ಪ್ರೋಗ್ರಾಮುಗಳಿಗೆಲ್ಲ ಜಾಗ ಹಂಚುವ ಯಜಮಾನ ಪ್ರೋಗ್ರಾಮು, ಬರೆಯುತ್ತಿದ್ದವ ಸರ್ವೋತ್ತಮ. ಮೆಮೊರಿ ಇದ್ದದ್ದು ಅಂಗೈಯಷ್ಟು. ಪ್ರೋಗ್ರಾಮುಗಳಿಗೆ ಅವನು ಮಾತು ಕೊಟ್ಟ ಜಾಗ ಕಡಲಿನಷ್ಟು. ಮೆಮೊರಿಯ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಯಾರಿಗೆ ಕೊಟ್ಟಿದ್ದೇನೆ ಎಂಬುದನ್ನು ಒಂದು ಉದ್ದ ಪಟ್ಟಿಯಲ್ಲಿ ಇಟ್ಟಿದ್ದ. ಯಾವ ಪ್ರೋಗ್ರಾಮು ಮೆಮೊರಿಯ ಒಂದು ಪುಟ ಕೇಳಿದರೂ ಕರ್ನೆಲ್ ಪಟ್ಟಿಯನ್ನು ಮೊದಲಿನಿಂದ ಹುಡುಕಬೇಕು. ಬೆಳಿಗ್ಗೆ ಒತ್ತಿದ ಅಕ್ಷರ ಪರದೆಗೆ ಬರುವಾಗ ಮಧ್ಯಾಹ್ನದ ಗಂಜಿ ಆರಿರುತ್ತಿತ್ತು. ಶನಿವಾರ ಮದ್ರಾಸಿನ ಸಾಹೇಬರು ಪರೀಕ್ಷಿಸಲು ಬರುವವರಿದ್ದರು. ಓಡದಿದ್ದರೆ ಯಂತ್ರವೂ ವಾಪಸು, ಸರ್ವೋತ್ತಮನೂ ಮನೆಗೆ. ಅವ ಕೂರಲಾರ, ನಿಲ್ಲಲಾರ. ನಡೆದೂ ನಡೆದೂ ಸಿಮೆಂಟು ನೆಲದಲ್ಲಿ ಕಾಲುದಾರಿ ಬಿದ್ದಿತ್ತು.

ಬುಧವಾರ ಅವನನ್ನು ಬಂದರಿನ ಮೀನು ಮಾರ್ಕೆಟ್ಟಿಗೆ ಎಳೆದುಕೊಂಡು ಹೋದೆ. ಅಲ್ಲಿ ಹೆಂಗಸರು ಕೂರುವುದು ನಂಬರಿನ ಪ್ರಕಾರ. ನಮಗೆ ಬೇಕಾದದ್ದು ಅರುವತ್ತೊಂದನೆಯ ಜಾಗದ ಸುಂದರಿಯ ಬಂಗುಡೆ. ಸರ್ವೋತ್ತಮ ಅರುವತ್ತೊಂದು ಎಲ್ಲಿ ಎನ್ನುತ್ತ ಒಂದರಿಂದ ಎಣಿಸತೊಡಗಿದ.

"ಎಂತ ಮಾರಾಯ, ಮೀನು ಕೊಳೆಯುವವರೆಗೆ ಎಣಿಸ್ತೀಯಾ?" ನಡುವೆ ಕೂತಿದ್ದ ರಾಜೀವಿ ಗದರಿದಳು. "ಮೊದಲು ನನ್ನತ್ರ ಕೇಳು. ನಾನು ಮೂವತ್ತೆರಡು. ನಿನ್ನದು ಅದಕ್ಕಿಂತ ದೊಡ್ಡದು, ಹೊಳೆ ಬದಿಗೆ ಹೋಗು. ಅಲ್ಲಿ ಆ ಬದಿಯ ನಡುವಿನವಳತ್ರ ಕೇಳು."

ಹೀಗೆ ಇನ್ನು ನಾಲ್ವರ ಬಾಯಿ ದಾಟುವಷ್ಟರಲ್ಲಿ ಸುಂದರಿ ಸಿಕ್ಕಿದಳು. ಸರ್ವೋತ್ತಮ ಬಂಗುಡೆ ಬಿಟ್ಟು ಬಸ್ಸಿಗೆ ಓಡಿದ. ಪಟ್ಟಿ ಕಿತ್ತು ಅದರ ಜಾಗಕ್ಕೆ ಕವಲೊಡೆಯುವ ಮರ ಬರೆದ: ಪ್ರತಿ ಕವಲಿನಲ್ಲೂ ಸಣ್ಣ ವಿಳಾಸ ಎಡಕ್ಕೆ, ದೊಡ್ಡದು ಬಲಕ್ಕೆ.

ಗುರುವಾರ ಯಂತ್ರ ಇನ್ನೂ ನಿಧಾನ. ಹೊಸ ವಿಳಾಸಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತಲೇ ಬಂದು, ಎಲ್ಲವೂ ಬಲಕ್ಕೇ ಒಂದರ ಕೆಳಗೊಂದು ನೇತಾಡಿ, ಮರ ಪುನಃ ಪಟ್ಟಿಯೇ ಆಗಿತ್ತು. ಅವ ರಾಜೀವಿಯ ಹತ್ತಿರ ಜಗಳಕ್ಕೇ ಹೋದ.

"ರಾಜೀವಕ್ಕ, ನಿಮ್ಮದು ಬೋಗಸ್! ಹೊಸಬರೆಲ್ಲ ಒಂದೇ ಬದಿಗೆ ಬಂದ್ರೆ?"

"ಬಂದಿದ್ರಲ್ಲ. ಹಿಂದೆ ನಡುವಿನವಳು ನನ್ನ ಅತ್ತೆ, ಹದಿನಾರನೇ ನಂಬರು. ಹೊಳೆ ಬದಿಗೆ ಜನ ಹೆಚ್ಚಾದ ಕೂಡ್ಲೇ ಮೊದಲು ಕೇಳುವ ಮರ್ಯಾದೆ ನನಗೆ ಬಂತು. ಅತ್ತೆ ಕೂತಲ್ಲೇ ಕೂತಿದ್ದಾರೆ. ಈಗ ಕೇಳುವ ಸರದಿಯಲ್ಲಿ ನನ್ನ ಕೆಳಗೆ."

"ಅವರಿಗೆ ಬೇಜಾರಾಗ್ಲಿಲ್ವಾ?"

"ಎರಡು ತಿಂಗಳು ಮಾತಾಡ್ಲಿಲ್ಲ. ಗಿರಾಕಿಗೆ ಮೀನು ಸಿಕ್ತಲ್ಲ?"

ಶುಕ್ರವಾರವಿಡೀ ಸರ್ವೋತ್ತಮ, ಮರದ ಒಂದು ಬದಿ ಭಾರವಾದ ಕೂಡಲೇ ಅತ್ತೆಯನ್ನು ಇಳಿಸಿ ಸೊಸೆಯನ್ನು ಏರಿಸುವುದನ್ನೇ ಬರೆದ. ಶನಿವಾರ ಸಾಹೇಬರ ಬೆರಳು ತಾಗುವ ಮೊದಲೇ ಅಕ್ಷರ ಪರದೆಯಲ್ಲಿ ಬಂದು ಕಾಯುತ್ತಿತ್ತು. ಅವರು ಯಂತ್ರ ಇಲ್ಲೇ ಇರಲಿ ಎಂದು ಸಹಿ ಹಾಕಲು ಪೆನ್ನು ತೆಗೆದರು.

"ಇನ್ನಾದ್ರೂ ಕೂರು ಮಾರಾಯ," ಎಂದೆ.

"ನಡುವಿನವಳೇ ಎದ್ದು ಹೋದ್ರೆ ಎಂತ ಮಾಡುವುದು?" ಎಂದವನೇ ಸರ್ವೋತ್ತಮ ಬಂದರಿನ ಬಸ್ಸಿಗೆಂದು ಚಪ್ಪಲಿ ಮೆಟ್ಟಿದ.